ಮಾವಿನ ಕಾಂಡದಲ್ಲಿ ತೂತು ಕಂಡರೆ

ಕಲಬುರಗಿಯ ನಮ್ಮ ಮನೆ ಹಿತ್ತಲಲ್ಲಿ ಅಜ್ಜ ನೆಟ್ಟ ಮಾವಿನ ಗಿಡವಿದೆ. ಹೋದ ವರ್ಷ ಅದರ ಬುಡದಲ್ಲಿ ಹೊಟ್ಟು ಬಿದ್ದಿತ್ತು. ಬಡಗಿ ಗರಗಸ ಆಡಿಸಿದಲ್ಲಿ ಬೀಳುತ್ತದಲ್ಲ, ಹಾಗೆ. ‘ಗಿಡ ಹೋತು, ಕಡಸಿ ಬಿಡ್ರಿ’ ಎಂದವರೇ ಜಾಸ್ತಿ. ನಾವು ಕಡಿಸಲಿಲ್ಲ.

ಮೊದಲು ಏನಾಗಿದೆ ಎಂದು ನೋಡಬೇಕು. ಸಡಿಲಾದ ತೊಗಟೆಯ ಅಂಚನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿ ಇದ್ದರೆ ಜೀವವಿದೆ. ಕಂದಾಗಿ ಒಣಗಿದ್ದರೆ ಅಷ್ಟು ಭಾಗ ಸತ್ತಿದೆ. ಕಾಂಡ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಕೊಳೆತಿರಬಹುದು. ತೊಗಟೆ ಮೇಲೆ ಮಣ್ಣಿನ ಗೆರೆ ಹತ್ತಿದ್ದರೆ ಗೆದ್ದಲು. ಪಡುವಣ ಬದಿ ಮಾತ್ರ ಸೀಳಿದ್ದರೆ ಬಿಸಿಲಿನ ಏಟು. ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ ಅಲ್ವಾ. ತೂತು, ಹೊಟ್ಟು ಎರಡೂ ಇದ್ದರೆ ಕಾಂಡ ಕೊರೆಯುವ ಹುಳು.

ನಮ್ಮದು ಅದೇ ಆಗಿತ್ತು. ಸೈಕಲ್ ಕಡ್ಡಿಯ ತುದಿ ಕೊಕ್ಕೆಯಂತೆ ಬಾಗಿಸಿ ತೂತಿನೊಳಗೆ ಬಿಟ್ಟೆವು. ಬೆರಳುದ್ದದ ಬಿಳಿ ಹುಳು ಹೊರಬಂತು. ಆಮೇಲೆ ಪೆಟ್ರೋಲ್‌ನಲ್ಲಿ ಅದ್ದಿದ ಅರಳೆ ತುರುಕಿ, ಹಸಿಮಣ್ಣು ಮೆತ್ತಿದೆವು. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ವಾರ ಬಿಟ್ಟು ನೋಡಿ. ಹೊಸ ಹೊಟ್ಟು ಬಿದ್ದಿದ್ದರೆ ಇನ್ನೊಮ್ಮೆ ಮಾಡಿ.

ಮುಂದೆ ಗಾಯ. ಹರಿತವಾದ ಚಾಕುವಿನಿಂದ ಸತ್ತ ತೊಗಟೆಯನ್ನಷ್ಟೇ ತೆಗೆಯಿರಿ, ಹಸಿ ಭಾಗ ಮುಟ್ಟಬೇಡಿ. ಗಾಯಕ್ಕೆ ಬೋರ್ಡೋ ಮುಲಾಮು, ಅಂದರೆ ಕೊಳೆ ತಡೆಯುವ ಮೈಲುತುತ್ತ-ಸುಣ್ಣದ ಲೇಪ, ಹಚ್ಚಬೇಕು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ನಂತರ ಕೂಡಿಸಿ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ, ಕಬ್ಬಿಣದ್ದು ಬೇಡ. ಕೈಗವಸು ಹಾಕಿಕೊಳ್ಳಿ. ಕಲಸಿದ ದಿನವೇ ಹಚ್ಚಿ ಮುಗಿಸಿ.

ಪೊಟರೆಗೆ ಸಿಮೆಂಟ್ ತುಂಬುವವರಿದ್ದಾರೆ. ದಯವಿಟ್ಟು ಬೇಡ. ಗಾಳಿಗೆ ಕಾಂಡ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ. ಸಂದಿಯಲ್ಲಿ ನೀರು ನಿಂತು ಕೊಳೆ ಹೆಚ್ಚುತ್ತದೆ. ಡಾಂಬರೂ ಬೇಡ. ಶಹಾಬಾದ್ ಕಲ್ಲನ್ನು ಬುಡಕ್ಕೆ ಒತ್ತಿ ಹಾಸಿದ್ದರೆ ಸುತ್ತ ಎರಡಡಿ ತೆಗೆಸಿ. ನಮ್ಮಲ್ಲಿ ಆ ಕಲ್ಲೇ ತೊಗಟೆ ತಿಕ್ಕಿ ಗಾಯ ಮಾಡಿತ್ತು. ಬೇಸಿಗೆಗೆ ಮುಂಚೆ ಕಾಂಡಕ್ಕೆ ಮೂರಡಿ ಸುಣ್ಣ ಬಳಿಯಿರಿ.

ಸುತ್ತಳತೆಯ ಅರ್ಧಕ್ಕಿಂತ ಜಾಸ್ತಿ ತೊಗಟೆ ಹೋಗಿದ್ದರೆ, ಬುಡದಲ್ಲಿ ಅಣಬೆ ಎದ್ದಿದ್ದರೆ, ಗಿಡ ಮನೆ ಕಡೆ ವಾಲಿದ್ದರೆ ಸುಮ್ನೆ ಕೂರಬೇಡಿ. ತೋಟಗಾರಿಕೆ ಇಲಾಖೆಯವರನ್ನು ಕರೆದು ತೋರಿಸಿ.

ನಮ್ಮ ಗಿಡದ ಗಾಯದ ಅಂಚಿಗೆ ಈಗ ತುಟಿಯಂತೆ ದುಂಡಗೆ ಹೊಸ ತೊಗಟೆ ಉಬ್ಬಿ ಬರುತ್ತಿದೆ. ದಿನಾ ಬೆಳಿಗ್ಗೆ ಹೋಗಿ ಬೆರಳಿಟ್ಟು ನೋಡುತ್ತೇನೆ.