ಮೂರು ಮತ್ತರು ಎಂದರೆ ಎಷ್ಟು?

ವೀರಗಲ್ಲಿನ ಮೇಲೆ ಪಿಎಚ್‌ಡಿ ಮಾಡುವವನಿಗೆ ದೇವಸ್ಥಾನದ ದಾನಶಾಸನ ಯಾಕಪ್ಪಾ ಎಂದು ಡಾಕ್ಟೋರಲ್ ಕಮಿಟಿಯಲ್ಲಿ ಎರಡು ಸಲ ಅನ್ನಿಸಿಕೊಂಡವನು ನಾನು. ವೈವಾ ಮುಗಿದಿದೆ, ಈಗ ಬರೆಯಬಹುದು.

ನನ್ನದು ಸೊರಬ, ಶಿಕಾರಿಪುರ ಕಡೆಯ ತುರುಗೋಳ್ ಕಲ್ಲುಗಳು, ಅಂದರೆ ದನಗಳ ಸುಲಿಗೆಯ ಕಾಳಗದಲ್ಲಿ ಸತ್ತವರ ವೀರಗಲ್ಲುಗಳು. ಮೊದಲ ವರ್ಷ ಕೋರ್ಸ್‌ವರ್ಕಿನ ಹುರುಪಿನಲ್ಲಿ ಹಲ್ಮಿಡಿಯಿಂದ ವಿಜಯನಗರದವರೆಗೆ ಸಿಕ್ಕಿದ್ದೆಲ್ಲ ಓದಿದೆ. ಐದಾರು ನೋಟ್‌ಬುಕ್ಕು ತುಂಬಿದವು, ಒಂದು ಅಧ್ಯಾಯವೂ ಹುಟ್ಟಲಿಲ್ಲ. ಹೆದರಿ ಎರಡನೇ ವರ್ಷ ಪೂರ್ತಿ ಕಲ್ಲಿಗೇ ಅಂಟಿಕೊಂಡೆ. ಅದು ಇನ್ನೂ ದುಬಾರಿಯಾಯಿತು. ಗೆಸ್ಟ್ ಲೆಕ್ಚರರ್ ಸಂಬಳದಲ್ಲಿ ಬೈಕಿನ ಪೆಟ್ರೋಲು, ಕಾಗದ, ಮಸಿ ಸೇರಿ 35 ಸಾವಿರದ ಹತ್ತಿರ ಹೋಗಿರಬೇಕು. ಒಂದೇ ಮಳೆಗೆ ಹತ್ತೋ ಹನ್ನೊಂದೋ ಪಡಿಯಚ್ಚು (ಒದ್ದೆ ಕಾಗದಕ್ಕೆ ಮಸಿ ಹಚ್ಚಿ ತೆಗೆಯುವ ಶಾಸನದ ನಕಲು) ಕಲ್ಲಿನ ಮೇಲೇ ಅಂಬಲಿಯಾದವು. ಆದರೂ ಸತ್ತ ವೀರರ ಮನೆಯವರಿಗೆ ಕೊಟ್ಟ ಹೊಲದ ಮತ್ತರುಗಳನ್ನೆಲ್ಲ (ಮತ್ತರು ಎಂದರೆ ಹಳೆಯ ಭೂಅಳತೆ) ಕೂಡಿಸಿ, ಯಾವ ಊರಿನ ಕೈ ದೊಡ್ಡದು ಎಂದು 40 ಪುಟ ಬರೆದೆ. ಗೈಡ್ ಸರ್ ಕೂಡ ಮೆಚ್ಚಿದರು.

ಒಂದು ರಾತ್ರಿ ನಿದ್ದೆ ಬಾರದೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟ ತೆರೆದೆ, ಬಿ.ಎಲ್. ರೈಸ್ ಸಾಹೇಬರು ಸಂಪಾದಿಸಿದ 1902ರದ್ದು. ಬಳ್ಳಿಗಾವಿಯ ದಾನಶಾಸನದಲ್ಲಿ ಹೊಲ ಅಳೆದದ್ದು ‘ಭೇರುಂಡ ಗಳೆ’ಯಲ್ಲಿ; ಗಳೆ ಎಂದರೆ ಅಳತೆಕೋಲು. ನನ್ನ ಕಲ್ಲುಗಳಲ್ಲಿ ಯಾವ ಗಳೆ? ಬರೆದೇ ಇಲ್ಲ. ಊರೂರಿಗೆ ಗಳೆ ಬೇರೆ, ಹಾಗಾಗಿ ಮತ್ತರೂ ಬೇರೆ ಎಂಬುದನ್ನು ಕೋರ್ಸ್‌ವರ್ಕ್ ಪರೀಕ್ಷೆಯಲ್ಲಿ ನಾನೇ ಬರೆದು ಅಂಕ ತೆಗೆದಿದ್ದೆ. ನನ್ನ ಕೋಷ್ಟಕಕ್ಕೂ ಅದು ತಗಲುತ್ತದೆಂದು ಹೊಳೆದಿರಲಿಲ್ಲ. 40 ಪುಟ ನೀರುಪಾಲು.

ಆಮೇಲೆ ಕ್ರಮ ಬದಲಾಯಿತು. ಬೆಳಗ್ಗೆ ನನ್ನದೇ ಒಂದು ಕಲ್ಲು. ಅದರಲ್ಲಿ ಕಾಡಿದ ಒಂದು ಪದ ಕಾರ್ಡಿಗೆ. ಸಂಜೆ ಅದೇ ಪದ ಹಿಡಿದು ಹೊರಗಿನ ಶಾಸನ: ಕೆರೆಯದ್ದೋ, ಬಸದಿಯದ್ದೋ. ಒಂದೇ ಒಂದು. ಎರಡನೆಯದಕ್ಕೆ ಕೈಹಾಕಿದರೆ ಮೊದಲ ವರ್ಷದ ಕಾಯಿಲೆ ಮರುಕಳಿಸುತ್ತದೆ. ನನಗೂ ಮರುಕಳಿಸಿತ್ತು. ‘ಬಾಳ್ಗಚ್ಚು’ (ವೀರನ ಶೌರ್ಯಕ್ಕೆ ಕೊಡುವ ಭೂದಾನ) ಎಂಬ ಪದ ಹಿಡಿದು ಹೊರಟವನು ಆತಕೂರಿನ ಕಲ್ಲು ನೋಡಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂವರೆಗೆ ಹೋದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹಿಂದೆ ಎರಡು ವಾರ ಕಳೆದೆ. ಪ್ರಬಂಧಕ್ಕೆ ಒಂದು ಸಾಲೂ ಸಿಗಲಿಲ್ಲ, ಬೇಸರವೂ ಇಲ್ಲ.

ಹೀಗೆ 280 ಕಾರ್ಡಾದವು. ಕೆಲಸಕ್ಕೆ ಬಂದದ್ದು ಮೂವತ್ತಿರಬಹುದು. ಯಾವ ಪದವನ್ನು ಕಾರ್ಡಿಗೆ ಹತ್ತಿಸಲೇಬಾರದು ಎಂಬುದಕ್ಕೆ ನನ್ನದೊಂದು ಲೆಕ್ಕಾಚಾರವಿದೆ. ಅದರ ಲೇಖನ ಅಚ್ಚಾಗುವವರೆಗೆ ಬಾಯಿಬಿಡುವುದಿಲ್ಲ. ಬ್ಯಾಚಿನಲ್ಲಿ ಮೊದಲು ಪ್ರಬಂಧ ಸಲ್ಲಿಸಿದವನು ನಾನೇ ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ.

ವೈವಾದಲ್ಲಿ ಪರೀಕ್ಷಕರು ಕೇಳಿದರು: “ಕೊನೆಗೆ ಯಾವ ಊರು ಹೆಚ್ಚು ಭೂಮಿ ಕೊಟ್ಟಿತು?”

“ಗಳೆ ಸಿಕ್ಕರೆ ಹೇಳುತ್ತೇನೆ ಸರ್” ಎಂದೆ. ಗೈಡ್ ಸರ್ ಚಾವಣಿ ನೋಡಿದರು. ಪರೀಕ್ಷಕರು ನಕ್ಕು ಪುಟ ತಿರುಗಿಸಿದರು.