ಉಣಿಸುವ ದಡದಲ್ಲಿ ತೊರಕೆಗಳ ಲೆಕ್ಕ

ಮೊದಲ ಸಂಜೆ ನಾನು ಸ್ಲೇಟಿನ ಮೇಲೆ 19 ಎಂದು ಬರೆದುಕೊಂಡಿದ್ದೆ. ರಾತ್ರಿ ಕೋಣೆಗೆ ಬಂದು ಅದೇ ಅರ್ಧ ಗಂಟೆಯ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ, ಯಾವ ಕ್ಷಣದಲ್ಲಿಯೂ 11ಕ್ಕಿಂತ ಹೆಚ್ಚು ತೊರಕೆಗಳು (ಚಪ್ಪಟೆ ಮೈಯ, ಬಾಲದಲ್ಲಿ ಮುಳ್ಳಿರುವ ಮೀನು, ಇಂಗ್ಲಿಷಿನಲ್ಲಿ ಸ್ಟಿಂಗ್‌ರೇ) ಒಟ್ಟಿಗೆ ಕಾಣಿಸಲಿಲ್ಲ. ಮೀನಿನ ತುಂಡು ಹಿಡಿದು ನಿಂತವನ ಸುತ್ತ ಅವು ಬಿಡದೆ ಸುತ್ತುತ್ತಿರುತ್ತವೆ. ಬಲಗಡೆಯಿಂದ ಆಳಕ್ಕೆ ಇಳಿದು ಹೋದದ್ದು ಎಡಗಡೆಯಿಂದ ಮರಳಿ ಬಂದರೆ ಕಣ್ಣಿಗೆ ಅದು ಹೊಸದೆಂದೇ ತೋರುತ್ತದೆ. ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದಲ್ಲಿ, ಪ್ರವಾಸಿಗರಿಗಾಗಿ ತೊರಕೆ ಮತ್ತು ಶಾರ್ಕ್‌ಗಳಿಗೆ ಆಹಾರ ಹಾಕುವ ದಡದಲ್ಲಿ, ಅವುಗಳ ಮೇಲೆ ನಿಗಾ ಇಡುವ ಕೆಲಸ ನನ್ನ ಪಾಲಿಗೆ ಶುರುವಾದದ್ದು ಈ ತಪ್ಪು ಎಣಿಕೆಯಿಂದ.

ನಾನು ಮಂಗಳೂರಿನಲ್ಲಿ ಮೀನುಗಾರಿಕೆ ಓದಿದವನು. ಓದುವ ಕಾಲದಲ್ಲಿ ನಾನು ಕಂಡ ತೊರಕೆಗಳೆಲ್ಲ ಮಲ್ಪೆ ಮತ್ತು ಮಂಗಳೂರಿನ ಬಂದರುಗಳ ಸಿಮೆಂಟು ನೆಲದ ಮೇಲೆ, ಬಾಲ ಕತ್ತರಿಸಿದ ಸ್ಥಿತಿಯಲ್ಲಿ, ತಾಟೆ, ಅಂದರೆ ಶಾರ್ಕ್, ಮೀನುಗಳ ಪಕ್ಕದಲ್ಲಿ ರಾಶಿ ಬಿದ್ದವು. ಅವುಗಳ ಅಗಲ ಅಳೆದಿದ್ದೆ, ಹೊಟ್ಟೆ ಸೀಳಿ ಒಳಗೇನಿದೆ ಎಂದು ನೋಡಿದ್ದೆ. ಆದರೆ ಜೀವಂತ ತೊರಕೆಯೊಂದು ಮರಳಿನ ಮೇಲೆ ಅಂಚನ್ನು ಅಲೆಯಂತೆ ಮಡಿಸುತ್ತ ತೇಲಿ ಬರುವುದನ್ನು, ಕಣ್ಣಿನ ಹಿಂದಿನ ರಂಧ್ರದಿಂದ ನೀರೆಳೆದುಕೊಂಡು ಉಸಿರಾಡುವುದನ್ನು ಕಂಡಿರಲಿಲ್ಲ. ಅಲ್ಲಿನ ಧಿವೇಹಿ ಭಾಷೆಯಲ್ಲಿ ಅದಕ್ಕೆ ‘ಮಡಿ’ ಎನ್ನುತ್ತಾರೆ, ಶಾರ್ಕಿಗೆ ‘ಮಿಯರು’ ಎನ್ನುತ್ತಾರೆ. ದೋಣಿಗೆ ಮಾತ್ರ ಅವರದೂ ‘ಧೋನಿ’ಯೇ, ಆ ಒಂದು ಪದ ಕಿವಿಗೆ ಬಿದ್ದಾಗ ನನಗೆ ಪರಸ್ಥಳ ಎಂಬ ಭಾವ ಅರ್ಧ ಕಡಿಮೆಯಾಗಿತ್ತು.

ಆ ದಡಕ್ಕೆ ತೊರಕೆಗಳನ್ನು ಪ್ರವಾಸೋದ್ಯಮ ಕರೆದು ತಂದದ್ದಲ್ಲ. ಗಾಳದ ಕೋಲಿನಿಂದ ಟ್ಯೂನಾ ಹಿಡಿಯುವ ಮೀನುಗಾರರು ಸಂಜೆ ದಡದಲ್ಲಿ ಮೀನು ಕೊಯ್ದು, ತಲೆ, ಕರುಳು, ಚರ್ಮಗಳನ್ನು ನೀರಿಗೆ ಎಸೆಯುತ್ತಿದ್ದರು. ತೊರಕೆಗಳು ಆ ಹೊತ್ತನ್ನೂ ಜಾಗವನ್ನೂ ಕಲಿತುಕೊಂಡಿದ್ದವು. ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳು ಹೆಚ್ಚಿದ ಮೇಲೆ ಅದೇ ಅಭ್ಯಾಸವು ಸಂಜೆಯ ಕಾರ್ಯಕ್ರಮವಾಯಿತು. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಬೇಟೆಯನ್ನು ದೇಶದಾದ್ಯಂತ ನಿಷೇಧಿಸಿತು, 2014ರಲ್ಲಿ ತೊರಕೆ ಜಾತಿಯ ಮೀನುಗಳಿಗೂ ರಕ್ಷಣೆ ಕೊಟ್ಟಿತು. ಹಿಡಿಯುವವರ ಭಯವಿಲ್ಲದ, ಉಣಿಸುವವರು ಮಾತ್ರ ಇರುವ ಪ್ರಾಣಿಗೆ ಏನಾಗುತ್ತದೆ ಎಂಬುದೇ ನನ್ನ ಮುಂದಿದ್ದ ಪ್ರಶ್ನೆ. ಸಂಜೆ ಎಷ್ಟು ಬಂದವು ಎಂಬ ಸಂಖ್ಯೆಯೊಂದರಿಂದಲೇ ಅದಕ್ಕೆ ಉತ್ತರ ಸಿಗುವುದಿಲ್ಲ ಎಂದು ಅರಿಯಲು ನನಗೆ ಕೆಲವು ತಿಂಗಳು ಬೇಕಾದವು.

ಮೊದಲು ಎಣಿಕೆಯ ಕ್ರಮವನ್ನೇ ಬದಲಿಸಿದೆ. ನೀರಿನಲ್ಲಿ ಸಾಗಿ ಹೋದವನ್ನೆಲ್ಲ ಕೂಡಿಸುತ್ತ ಹೋಗುವುದನ್ನು ಬಿಟ್ಟು, ಒಂದು ನಿಮಿಷದಲ್ಲಿ ಒಂದೇ ನೋಟಕ್ಕೆ ಸಿಕ್ಕ ಅತಿ ಹೆಚ್ಚಿನ ಸಂಖ್ಯೆಯನ್ನು ಮಾತ್ರ ಬರೆಯುವುದು. ಮುಂದಿನ ನಿಮಿಷಕ್ಕೆ ಮತ್ತೆ ಹೊಸದಾಗಿ ನೋಡುವುದು. ಇದರಿಂದ ನಿಜವಾದ ಸಂಖ್ಯೆಗಿಂತ ಕಡಿಮೆ ಸಿಗಬಹುದೇ ಹೊರತು ಒಂದನ್ನೇ ಎರಡು ಸಲ ಎಣಿಸುವ ದೋಷ ಉಳಿಯುವುದಿಲ್ಲ. ಎರಡನೆಯದಾಗಿ, ಆಹಾರ ಹಾಕುವ ಹೊತ್ತಿಗೆ ಮಾತ್ರ ಹೋಗುವುದನ್ನು ನಿಲ್ಲಿಸಿ, ಅದಕ್ಕೆ ಒಂದು ಗಂಟೆ ಮುಂಚೆ, ಹಾಕುವಾಗ, ಹಾಕಿ ಮುಗಿದು ಒಂದು ಗಂಟೆಯ ನಂತರ, ಹೀಗೆ ದಿನಕ್ಕೆ ಮೂರು ಸಲ ನೀರಿಗಿಳಿಯತೊಡಗಿದೆ. ಯಾರೂ ಆಹಾರ ಹಾಕದ, ಅದೇ ಆಳದ, ಅದೇ ಬಗೆಯ ಮರಳಿನ ಇನ್ನೊಂದು ದಡವನ್ನು ದ್ವೀಪದ ಆಚೆ ಬದಿಯಲ್ಲಿ ಆರಿಸಿಕೊಂಡು ಅಲ್ಲಿಯೂ ಅದೇ ಹೊತ್ತಿಗೆ ನೋಡಿದೆ. ಅಲ್ಲಿ ಬಹಳ ದಿನ ಸ್ಲೇಟಿನ ಮೇಲೆ ಸೊನ್ನೆಯೇ ಬೀಳುತ್ತಿತ್ತು. ಸೊನ್ನೆ ಬರೆಯಲು ಮನಸ್ಸು ಹಿಂಜರಿಯುತ್ತದೆ, ಹೋಗಿದ್ದೇ ದಂಡವಾಯಿತು ಎನ್ನಿಸುತ್ತದೆ. ಆದರೆ ಆ ಸೊನ್ನೆಗಳಿಲ್ಲದೆ ಈ ಬದಿಯ ಸಂಖ್ಯೆಗಳಿಗೆ ಅರ್ಥವೇ ಇರುತ್ತಿರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸುವ ಕೆಲಸ. ತಿಮಿಂಗಿಲ ಶಾರ್ಕಿಗೆ ಮೈಮೇಲಿನ ಚುಕ್ಕೆಗಳ ವಿನ್ಯಾಸ ಬೆರಳಚ್ಚಿನಂತೆ ಇರುತ್ತದೆ. ಕಿವಿರಿನ ಹಿಂದಿನ ಭಾಗದ ಚಿತ್ರವೊಂದಿದ್ದರೆ ವರ್ಷಗಳ ನಂತರವೂ ಅದನ್ನು ಗುರುತಿಸಬಹುದು. ನಮ್ಮ ದಡಕ್ಕೆ ಬರುತ್ತಿದ್ದ ತೊರಕೆಗಳಲ್ಲಿ ಹೆಚ್ಚಿನವು ಒಂದೇ ಸಮನೆ ನಸುಗೆಂಪು ಬೆರೆತ ಕಂದು ಬಣ್ಣದವು, ಚುಕ್ಕೆ ಇಲ್ಲ, ಪಟ್ಟೆ ಇಲ್ಲ. ಆದ್ದರಿಂದ ನಾನು ಅವುಗಳ ಅಂಚು ಮತ್ತು ಬಾಲವನ್ನು ಓದಲು ಕಲಿಯಬೇಕಾಯಿತು. ಬಾಲ ಪೂರ್ತಿ ಇದೆಯೇ, ಎಲ್ಲಿ ತುಂಡಾಗಿದೆ; ಬಾಲದ ಮೇಲಿನ ಮುಳ್ಳು ಒಂದೇ, ಎರಡೇ, ಉದುರಿ ಹೊಸದು ಹುಟ್ಟುತ್ತಿದೆಯೇ; ದೇಹದ ಅಂಚಿನಲ್ಲಿ ಕಚ್ಚು ಎಲ್ಲಿದೆ, ಅದರ ಆಕಾರವೇನು. ಗಂಡು ತೊರಕೆ ಕೂಡುವಾಗ ಹೆಣ್ಣಿನ ರೆಕ್ಕೆಯ ಹಿಂಬದಿಯ ಅಂಚನ್ನು ಹಲ್ಲಿನಿಂದ ಹಿಡಿಯುತ್ತದೆ. ಆ ಗಾಯ ಬಾಗಿದ ಸಾಲಾಗಿ, ಸಣ್ಣ ಸಣ್ಣ ಗೀರುಗಳಾಗಿ ಕಾಣುತ್ತದೆ. ದೋಣಿಯ ಪ್ರೊಪೆಲ್ಲರ್ ತಗುಲಿದ ಗಾಯ ಹಾಗಲ್ಲ, ಅದು ಒಂದರ ಪಕ್ಕ ಒಂದು ಸಮಾನಾಂತರವಾಗಿ, ಚಾಕುವಿನಿಂದ ಎಳೆದಂತೆ ನೆಟ್ಟಗೆ ಇರುತ್ತದೆ. ಗಾಳ ಸಿಕ್ಕಿಕೊಂಡಿದ್ದರೆ ಬಾಯಿಯ ಮೂಲೆ ಹರಿದಿರುತ್ತದೆ. ಈ ಮೂರನ್ನು ಒಂದೇ ‘ಗಾಯ’ ಎಂಬ ಅಂಕಣದಲ್ಲಿ ಬರೆದರೆ ಪ್ರಕೃತಿಯದನ್ನೂ ನಮ್ಮಿಂದಾದದ್ದನ್ನೂ ಒಟ್ಟು ಕಲಸಿದಂತಾಗುತ್ತದೆ. ನಾನು ಮೊದಲ ತಿಂಗಳು ಹಾಗೆಯೇ ಬರೆದಿದ್ದೆ, ಆಮೇಲೆ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ತೆಗೆದು ಮೂರು ಅಂಕಣ ಮಾಡಿದೆ.

ಗಾಯ ಮಾಯುತ್ತದೆ, ತೊರಕೆಯಲ್ಲಿ ಬೇಗನೆ ಮಾಯುತ್ತದೆ ಎಂಬುದು ಈ ವಿಧಾನದ ದೊಡ್ಡ ತೊಡಕು. ಮೂರು ತಿಂಗಳ ಹಿಂದಿನ ಚಿತ್ರ ಇಟ್ಟುಕೊಂಡು ಹುಡುಕಿದರೆ ಅದೇ ಪ್ರಾಣಿ ಎದುರಿಗಿದ್ದರೂ ಗುರುತು ಸಿಗದೆ ಹೋಗಬಹುದು. ಹಾಗಾಗಿ ಪ್ರತಿ ವಾರ ಪ್ರತಿಯೊಂದರ ಹೊಸ ಚಿತ್ರ ತೆಗೆದು, ಹಳೆಯದರ ಪಕ್ಕ ಅಂಟಿಸಿದಂತೆ ಇಟ್ಟು, ಗುರುತು ಹೇಗೆ ಬದಲಾಗುತ್ತಿದೆ ಎಂಬುದನ್ನೂ ದಾಖಲಿಸಬೇಕಾಯಿತು. ಲಿಂಗ ತಿಳಿಯುವುದು ಸುಲಭ. ಗಂಡಿಗೆ ಬಾಲದ ಬುಡದಲ್ಲಿ ಎರಡು ಕೋಲಿನಂಥ ಅಂಗಗಳಿರುತ್ತವೆ. ನಮ್ಮಲ್ಲಿ ಬಂದವು ಬಹುಪಾಲು ಹೆಣ್ಣುಗಳೇ. ಅಗಲ ಅಳೆಯಲು ಸಂಶೋಧಕರು ಕ್ಯಾಮೆರಾಕ್ಕೆ ಎರಡು ಲೇಸರ್ ದೀಪಗಳನ್ನು ಗೊತ್ತಾದ ಅಂತರದಲ್ಲಿ ಜೋಡಿಸುತ್ತಾರೆ. ಅದು ನನ್ನ ಬಳಿ ಇರಲಿಲ್ಲ. ಹತ್ತು ಸೆಂಟಿಮೀಟರಿಗೊಂದು ಕಪ್ಪು ಪಟ್ಟಿ ಸುತ್ತಿದ ಪಿವಿಸಿ ಪೈಪಿನೊಳಗೆ ಮರಳು ತುಂಬಿ ತಳದಲ್ಲಿ ಮಲಗಿಸಿ, ತೊರಕೆ ಅದರ ಮೇಲೆ ಹಾದು ಹೋಗುವಾಗ ನೇರ ಮೇಲಿನಿಂದ ಚಿತ್ರ ತೆಗೆಯುತ್ತಿದ್ದೆ. ತೊರಕೆ ಪೈಪಿಗೆ ತೀರ ಹತ್ತಿರ ಇಲ್ಲದಿದ್ದರೆ ಅಳತೆ ತಪ್ಪುತ್ತದೆ, ಅಂಥ ಚಿತ್ರಗಳನ್ನು ಕೈಬಿಟ್ಟೆ.

ಶಾರ್ಕ್‌ಗಳ ವಿಷಯ ಬೇರೆ. ಜೆಟ್ಟಿಯ ಕೆಳಗೆ ಕತ್ತಲಾದ ಮೇಲೆ ಬರುತ್ತಿದ್ದವು ಕಂದು ನರ್ಸ್ ಶಾರ್ಕ್‌ಗಳು. ಹಗಲು ಬಂಡೆಯ ಸಂದಿಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದು ರಾತ್ರಿ ಬೇಟೆಗೆ ಹೊರಡುವ ಪ್ರಾಣಿ. ಅದು ಹಲ್ಲಿನಿಂದ ಕಚ್ಚುವುದಕ್ಕಿಂತ ಮೊದಲು ಬಾಯಿಯಿಂದ ಸೆಳೆಯುತ್ತದೆ, ಸೆಳೆತ ಎಷ್ಟು ಜೋರೆಂದರೆ ಮೀನಿನ ತುಂಡಿನ ಜೊತೆ ಬೆರಳೂ ಒಳಗೆ ಹೋಗಬಹುದು. ಸಾಧು ಎಂದು ನಂಬಿ ಜನ ಮೈ ಮುಟ್ಟುತ್ತಾರೆ. ರಾತ್ರಿ ದೀಪದ ಬೆಳಕಿನಲ್ಲಿ ಎಣಿಸುವುದು ಎಷ್ಟು ಪ್ರಯತ್ನಪಟ್ಟರೂ ನಂಬಿಕೆಗೆ ಅರ್ಹವಾಗಲಿಲ್ಲ. ದೀಪವೇ ಅವುಗಳನ್ನು ಸೆಳೆಯುತ್ತಿದೆಯೋ ಓಡಿಸುತ್ತಿದೆಯೋ ಎಂದು ಹೇಳುವಂತಿರಲಿಲ್ಲ. ಆದ್ದರಿಂದ ಶಾರ್ಕ್‌ಗಳ ವಿಷಯದಲ್ಲಿ ಹಗಲು ಅವು ಮಲಗುವ ಸಂದಿಗಳನ್ನೇ ಹುಡುಕಿ ಎಣಿಸುವುದಕ್ಕೆ ತಿರುಗಿದೆ.

ದಾಖಲೆಯ ಹಾಳೆಯಲ್ಲಿ ಮನುಷ್ಯರಿಗೂ ಅಷ್ಟೇ ಜಾಗ ಕೊಟ್ಟೆ. ಎಷ್ಟು ಜನ ನೀರಿನಲ್ಲಿದ್ದರು, ಎಷ್ಟು ಕಿಲೋ ಹಾಕಿದರು, ಟ್ಯೂನಾ ಚರ್ಮವೋ ಕೊಳ್ಳಲು ಸಿಗುವ ಕಪ್ಪೆಬೊಂಡಾಸ ಎಂಬ ಮೃದ್ವಂಗಿಯೋ, ಕೈಯಿಂದ ಕೊಟ್ಟರೋ ಮರಳಿನ ಮೇಲೆ ಇಟ್ಟರೋ, ಎಷ್ಟು ಸಲ ಮುಟ್ಟಿದರು, ಯಾರಾದರೂ ತೊರಕೆಯನ್ನು ನೀರಿನಿಂದ ಮೇಲೆತ್ತಿದರೋ. ಒಬ್ಬ ಪ್ರವಾಸ ಆಯೋಜಕರ ಜನ ಪ್ರತಿ ಸಲವೂ ಚಿತ್ರಕ್ಕಾಗಿ ಅದನ್ನು ಎತ್ತಿಸುತ್ತಿದ್ದರು. ನಾನು ಎಷ್ಟು ಹೇಳಿದರೂ ಅವರು ಬಿಡಲಿಲ್ಲ, ಕೊನೆಗೆ ಒಬ್ಬ ಅತಿಥಿಯ ಪಾದದ ಹಿಂಬದಿಗೆ ಮುಳ್ಳು ಚುಚ್ಚಿತು. ಆ ವಿಷ ಶಾಖಕ್ಕೆ ಕೆಡುವಂಥದ್ದಾದ್ದರಿಂದ ತಡೆದುಕೊಳ್ಳುವಷ್ಟು ಬಿಸಿಯಾದ, ಚರ್ಮ ಸುಡದಂಥ, ಸುಮಾರು 45 ಡಿಗ್ರಿ ಮೀರದ ನೀರಿನಲ್ಲಿ ಕಾಲಿಡಿಸಿ ಕೂರಿಸಿದೆವು. ನೋವು ಇಳಿದ ಮೇಲೆ ಆಸ್ಪತ್ರೆಗೆ ಕರೆದೊಯ್ದೆವು. ಆ ತೊರಕೆ ತಪ್ಪು ಮಾಡಲಿಲ್ಲ. ಹೊಟ್ಟೆಯ ಕೆಳಗಿನಿಂದ ಎರಡು ಕೈ ಹಾಕಿ ಎತ್ತಿದರೆ ಅದಕ್ಕೆ ತಿಳಿದಿರುವುದು ಬಾಲ ಬೀಸುವುದೊಂದೇ.

ಕೈಯಿಂದ ಆಹಾರ ಹಾಕುತ್ತಿದ್ದ ಹಿರಿಯರೊಬ್ಬರನ್ನು ನಾನು ಊರವರಂತೆಯೇ ‘ಬೇಬೆ’, ಅಂದರೆ ಅಣ್ಣ, ಎಂದು ಕರೆಯುತ್ತಿದ್ದೆ. ನನ್ನ ಹಾಳೆಗಳನ್ನು ಅವರು ಬಹಳ ದಿನ ಅನುಮಾನದಿಂದಲೇ ನೋಡಿದರು. “ನೀನು ಬರೆದದ್ದನ್ನು ಯಾರೋ ಓದಿ ನಾಳೆ ನಮ್ಮ ದಡ ಮುಚ್ಚಿಸುತ್ತಾರೆ,” ಎಂದು ಒಮ್ಮೆ ನೇರವಾಗಿಯೇ ಹೇಳಿದರು. ಆ ಭಯ ಸುಳ್ಳಲ್ಲ. ಅಮೆರಿಕದ ಫ್ಲೋರಿಡಾ ತನ್ನ ನೀರಿನಲ್ಲಿ ಮುಳುಗುಗಾರರು ಮೀನಿಗೆ ಆಹಾರ ಹಾಕುವುದನ್ನು 2002ರಿಂದಲೇ ನಿಲ್ಲಿಸಿದೆ. ನಾನು ಅವರಿಗೆ ಬೇರೆ ಕಡೆಯ ಸಂಗತಿಗಳನ್ನು ವಿವರಿಸಿದೆ. ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದ ಮರಳು ದಿಬ್ಬದಲ್ಲಿ, ಹಾಗೆಯೇ ಮೀನುಗಾರರು ಮೀನು ಕೊಯ್ದು ಎಸೆಯುವುದರಿಂದ ಶುರುವಾಗಿ ದೊಡ್ಡ ಪ್ರವಾಸಿ ತಾಣವಾದ ಕಡೆ, ಸಹಜವಾಗಿ ರಾತ್ರಿ ಓಡಾಡುವ ತೊರಕೆಗಳು ಹಗಲು ಓಡಾಡುವುದಕ್ಕೆ ಒಗ್ಗಿಹೋಗಿ, ಸಣ್ಣ ಜಾಗದಲ್ಲಿಯೇ ಕಿಕ್ಕಿರಿದು ಬದುಕತೊಡಗಿದ್ದವು. ಅವುಗಳ ರಕ್ತಪರೀಕ್ಷೆಯಲ್ಲಿ ಪ್ರವಾಸಿಗರಿಲ್ಲದ ಕಡೆಯ ತೊರಕೆಗಳಿಗಿಂತ ಆರೋಗ್ಯ ಕುಂದಿದ ಲಕ್ಷಣಗಳು ಕಂಡಿದ್ದವು. ಆದರೆ ಬಹಾಮಾಸ್‌ನಲ್ಲಿ ಆಹಾರ ಹಾಕುವ ತಾಣದ ಹುಲಿ ಶಾರ್ಕ್‌ಗಳಿಗೆ ಉಪಗ್ರಹ ಸಾಧನ ಕಟ್ಟಿ ನೋಡಿದಾಗ ಅವುಗಳ ಅಲೆದಾಟ ಕುಗ್ಗಿರಲಿಲ್ಲ. ಫಿಜಿಯ ಶಾರ್ಕ್ ರೀಫ್‌ನಲ್ಲಿ ಬುಲ್ ಶಾರ್ಕ್‌ಗಳಿಗೆ ಆಹಾರ ನಡೆದೇ ಇದ್ದರೂ, ವರ್ಷದ ಕೊನೆಯ ತಿಂಗಳುಗಳಲ್ಲಿ, ಸಂತಾನದ ಕಾಲಕ್ಕೆ, ಅವು ಅಲ್ಲಿಂದ ಕಡಿಮೆಯಾಗುತ್ತವೆ. ಒಂದೊಂದು ತಾಣದಲ್ಲಿ ಒಂದೊಂದು ಉತ್ತರ ಬಂದಿದೆ. ನಮ್ಮ ದಡದ ಉತ್ತರ ನಮ್ಮ ದಡದಲ್ಲಿಯೇ ಸಿಗಬೇಕು ಎಂದೆ. ಅವರು ಏನೂ ಹೇಳಲಿಲ್ಲ, ಆದರೆ ಮರುದಿನದಿಂದ ಬುಟ್ಟಿಯನ್ನು ತಕ್ಕಡಿಗೆ ಇಟ್ಟು ತೂಕ ಹೇಳತೊಡಗಿದರು.

ಆಹಾರ ಹಾಕದ ದಿನಗಳನ್ನು ನಾನು ಕೇಳಿ ಕೇಳಿ ಸೋತಿದ್ದೆ. ವಾರಕ್ಕೆ ಒಂದು ದಿನ ಬಿಡಿ ಎಂದರೂ ಯಾರೂ ಒಪ್ಪುತ್ತಿರಲಿಲ್ಲ, ಬಂದ ಅತಿಥಿಗೆ ಇಲ್ಲ ಎನ್ನುವುದು ಹೇಗೆ ಎಂಬುದು ಅವರ ಕಷ್ಟ. ಅದು ಕೇಳದೆಯೇ ಬಂತು. 2020ರ ಮಾರ್ಚ್ 27ರಂದು ಮಾಲ್ಡೀವ್ಸ್ ಪ್ರವಾಸಿಗರಿಗೆ ಬಾಗಿಲು ಹಾಕಿತು, ಜುಲೈ 15ರವರೆಗೆ ತೆರೆಯಲಿಲ್ಲ. ನಾನು ದ್ವೀಪದಲ್ಲಿಯೇ ಉಳಿದೆ. ಊರಿನಲ್ಲಿ ದುಡಿಮೆ ನಿಂತು ಎಲ್ಲರ ಮುಖ ಬಾಡಿದ್ದ ಆ ದಿನಗಳಲ್ಲಿ ಸ್ಲೇಟು ಹಿಡಿದು ದಡಕ್ಕೆ ಹೋಗಲು ನನಗೆ ಸಂಕೋಚವಾಗುತ್ತಿತ್ತು. ಆದರೂ ಬಿಡದೆ ಹೋದೆ. ಮೊದಲ ವಾರ ತೊರಕೆಗಳು ಅದೇ ಹೊತ್ತಿಗೆ ಬಂದು, ಮೊಣಕಾಲುದ್ದದ ನೀರಿನಲ್ಲಿ ನನ್ನ ಪಾದಗಳ ಸುತ್ತ ಮೂತಿಯಿಂದ ಮರಳು ಕೆದಕಿ, ಹತ್ತು ನಿಮಿಷ ಕಾದು ಹೋಗುತ್ತಿದ್ದವು. ಮೂರನೆಯ ವಾರದ ಹೊತ್ತಿಗೆ ಎರಡು ಮೂರು ಮಾತ್ರ ಬಂದವು, ಅವೂ ನನ್ನ ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಕಂಡ ದೊಡ್ಡ ಹೆಣ್ಣುಗಳು. ಆಚೆ ಬದಿಯ ದಡದಲ್ಲಿ, ಅಷ್ಟು ದಿನ ಸೊನ್ನೆ ಬರೆದ ಕಡೆ, ಮರಳಿನಲ್ಲಿ ತೊರಕೆ ತೋಡಿದ ತಟ್ಟೆಯಗಲದ ಗುಂಡಿಗಳು ಕಾಣಿಸಿಕೊಂಡವು. ಅಂಚಿನಲ್ಲಿ ಒಡೆದ ಚಿಪ್ಪುಗಳು. ನಮ್ಮ ಕೈಯಿಂದ ತಿನ್ನುತ್ತಿದ್ದ ತೊರಕೆಗಳು ಏಡಿಯನ್ನೂ ಮಳಿ ಎಂಬ ಚಿಪ್ಪುಜೀವಿಯನ್ನೂ ಅಗೆದು ತಿನ್ನುವುದನ್ನು ಮರೆತಿರಲಿಲ್ಲ. ಆ ಗುಂಡಿಯೊಂದರ ಪಕ್ಕ ಕುಳಿತು ಒಡೆದ ಚಿಪ್ಪನ್ನು ಅಂಗೈಯಲ್ಲಿ ಹಿಡಿದಾಗ ಆದ ಸಮಾಧಾನ ನನಗೆ ಇಂದಿಗೂ ನೆನಪಿದೆ.

ಪ್ರವಾಸಿಗರು ಮರಳಿದ ಮೇಲೆ ತೊರಕೆಗಳೂ ಕೆಲವೇ ದಿನಗಳಲ್ಲಿ ದಡಕ್ಕೆ ಮರಳಿದವು. ಈ ಸಲ ಹಾಳೆಗಳನ್ನು ಹಿಡಿದು ಅತಿಥಿಗೃಹದವರ ಸಭೆಗೆ ಹೋದವರು ಬೇಬೆ, ನಾನು ಪಕ್ಕದಲ್ಲಿ ಕುಳಿತಿದ್ದೆ. ವಾರಕ್ಕೆ ಎರಡು ದಿನ ಆಹಾರವಿಲ್ಲ, ಉಳಿದ ದಿನ ಬುಟ್ಟಿಯ ತೂಕ ಅರ್ಧಕ್ಕೆ, ತುಂಡನ್ನು ಕೈಯಲ್ಲಿ ಹಿಡಿಯದೆ ಮರಳಿನ ಮೇಲೆ ಇಡುವುದು, ಆ ಹೊತ್ತಿನಲ್ಲಿ ದೋಣಿಗಳು ದಡದ ಆ ತುದಿಗೆ ಬಾರದಿರುವುದು, ಇಷ್ಟನ್ನು ಒಪ್ಪಿದರು. ಎತ್ತುವುದನ್ನು ಬೇಬೆ ತಾವೇ ನಿಲ್ಲಿಸಿದರು. ಪ್ರೊಪೆಲ್ಲರ್ ಗಾಯದ ಅಂಕಣ ಅದರ ನಂತರದ ತಿಂಗಳುಗಳಲ್ಲಿ ಹೆಚ್ಚು ದಿನ ಖಾಲಿ ಉಳಿಯಿತು.

ನಾನು ಊರಿಗೆ ಹೊರಡುವ ಹಿಂದಿನ ವಾರ, ಎಡ ಅಂಚಿನಲ್ಲಿ ಅರ್ಧಚಂದ್ರದ ಕಚ್ಚಿದ್ದ ಹೆಣ್ಣೊಂದು ಮತ್ತೆ ಬಂತು. ಬೆನ್ನು ಉಬ್ಬಿ ಬಸುರಿಯೆಂದು ಬರೆದುಕೊಂಡ ಮೇಲೆ ಅದು ಬಹಳ ದಿನ ಕಂಡಿರಲಿಲ್ಲ, ಆಹಾರವಿದ್ದ ದಿನಗಳಲ್ಲಿಯೂ ಬಂದಿರಲಿಲ್ಲ. ಈಗ ಬೆನ್ನು ತಗ್ಗಿತ್ತು, ಹಿಂಬದಿಯ ಅಂಚಿನಲ್ಲಿ ಹೊಸ ಹಲ್ಲಿನ ಗುರುತುಗಳಿದ್ದವು. ಬೇಬೆಯ ತಮ್ಮನ ಮಗ, ಈಗ ಹಾಳೆ ತುಂಬಿಸುವವನು, ನನಗಿಂತ ಮೊದಲು ಗುರುತು ಹಿಡಿದು ಅದರ ಸಂಖ್ಯೆಯನ್ನು ಕೂಗಿ ಹೇಳಿದ.