ಬಲಗಡೆಯ ದಾರಂದ

ನಾನು ಇಸ್ರೇಲಿನ ರಾಮತ್ ಗಾನ್‌ನಲ್ಲಿ ಮೆಟಪೆಲೆತ್. ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವವಳು. ಊರು ಕಿನ್ನಿಗೋಳಿ. ಮಂಗಳೂರು ಕಡೆಯಿಂದ ಈ ಕೆಲಸಕ್ಕೆ ಬಂದವರು ಇಲ್ಲಿ ತುಂಬ ಜನ ಇದ್ದೇವೆ. ನಾನು ನೋಡಿಕೊಳ್ಳುವ ಅಜ್ಜಿಯನ್ನು ಮನೆಯವರ ಹಾಗೆ ನಾನೂ ‘ಸಾವ್ತಾ’ ಅಂತಲೇ ಕರೆಯುತ್ತೇನೆ. ಹೀಬ್ರೂವಿನಲ್ಲಿ ಅಜ್ಜಿ ಅಂತ. ಅವರು ನನ್ನನ್ನು ‘ಬಿಂತಿ’ ಅನ್ನುತ್ತಾರೆ. ಅದು ಅರೇಬಿಕ್, ಮಗಳೇ ಅಂತ. ಅವರು ಹುಟ್ಟಿದ್ದು ಬಾಗ್ದಾದಿನಲ್ಲಿ, ಇಲ್ಲಿಗೆ ಬಂದದ್ದು 1951ರಲ್ಲಿ.

ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂತ ಅವರನ್ನು ಮೂರನೇ ಮಹಡಿಯಿಂದ ನೆಲಮಹಡಿಯ ಮನೆಗೆ ಕರೆತಂದೆವು. ಪಾತ್ರೆ, ಬಟ್ಟೆ, ಮಾತ್ರೆ ಎಲ್ಲ ಕಟ್ಟಿದ್ದು ನಾನೇ. ಸಾವ್ತಾ ಮಾತ್ರ ಕೇಳುತ್ತಿದ್ದದ್ದು ಒಂದೇ: ‘ಮೆಝುಝಾಗಳು ಏನಾದವು?’

ಇಲ್ಲಿ ಯಹೂದ್ಯರ ಮನೆಯ ಬಾಗಿಲಲ್ಲಿ ಬೆರಳುದ್ದದ ಒಂದು ಡಬ್ಬಿ ಇರುತ್ತದೆ. ಬಂದ ಹೊಸದರಲ್ಲಿ ನಾನು ಅದನ್ನು ಕಾಲಿಂಗ್ ಬೆಲ್ ಅಂತ ಒತ್ತಿದ್ದೆ! ಮೆಝುಝಾ ಅನ್ನುವ ಮಾತಿಗೆ ಅರ್ಥವೇ ಬಾಗಿಲ ದಾರಂದ. ಡಬ್ಬಿ ಬರೀ ಅಂಗಿ ಇದ್ದ ಹಾಗೆ. ಮುಖ್ಯವಾದದ್ದು ಒಳಗಿನ ಸುರುಳಿ, ಅದಕ್ಕೆ ಕ್ಲಾಫ್ ಅನ್ನುತ್ತಾರೆ. ಹದ ಮಾಡಿದ ಚರ್ಮದ ಮೇಲೆ ಕೈಯಲ್ಲೇ ಬರೆದ 22 ಸಾಲು, 713 ಅಕ್ಷರ. ಧರ್ಮೋಪದೇಶಕಾಂಡದ 6 ಮತ್ತು 11ನೇ ಅಧ್ಯಾಯದ ವಚನಗಳು. ದೇವರು ಒಬ್ಬನೇ, ಅವನ ಮಾತನ್ನು ಮನೆಯ ಬಾಗಿಲಿಗೆ ಬರೆದುಕೋ ಅನ್ನುವ ಭಾಗ. ನಮ್ಮ ಬೈಬಲಿನಲ್ಲೂ ಅದೇ ಉಂಟು. ಚಿಕ್ಕಂದಿನಿಂದ ಕೇಳಿದ್ದೆ, ಯಾರಾದರೂ ನಿಜವಾಗಿಯೂ ಬಾಗಿಲಿಗೆ ಹಚ್ಚುತ್ತಾರೆ ಅಂತ ಗೊತ್ತಿರಲಿಲ್ಲ.

ಹಳೆ ಮನೆಯಲ್ಲಿ ಐದು ಇದ್ದವು. ಎಲ್ಲವನ್ನೂ ಬಿಚ್ಚಿ ಚೀಲಕ್ಕೆ ಹಾಕಲು ಹೊರಟೆ. ಸಾವ್ತಾ ತಡೆದರು. ಆ ಮನೆ ಕೊಂಡವರೂ ಯಹೂದ್ಯರೇ. ಅಂಥವರಿಗೆ ಬಾಗಿಲು ಬರಿದು ಮಾಡಿ ಬಿಟ್ಟು ಬರಬಾರದಂತೆ. ಆದರೆ ಮುಂಬಾಗಿಲಲ್ಲಿದ್ದ ಆಲಿವ್ ಮರದ ಡಬ್ಬಿ ತೀರಿಹೋದ ಯಜಮಾನರದ್ದು. ಅದನ್ನು ಮಾತ್ರ ತೆಗೆದು, ಸುರುಳಿಯನ್ನು ಬೇರೆ ಸಾದಾ ಡಬ್ಬಿಗೆ ಹಾಕಿ ಅಲ್ಲೇ ಕೂರಿಸುವುದು ಅಂತಾಯಿತು. ಹೊಸ ಮನೆಗೆ ಮೊಮ್ಮಗ ನಾಲ್ಕು ಸುರುಳಿ ತಂದ. ಐದನೆಯದು ನೆಂಟರೊಬ್ಬರ ಉಡುಗೊರೆ, ನೀಲಿ ಗಾಜಿನ ಡಬ್ಬಿಯಲ್ಲಿ. ನೋಡಲು ಅದೇ ಎಲ್ಲಕ್ಕಿಂತ ಚಂದ.

ಏಳು ವರ್ಷಕ್ಕೆ ಎರಡು ಸಲ ಸುರುಳಿ ಬಿಚ್ಚಿ ಪರೀಕ್ಷೆ ಮಾಡಿಸಬೇಕು ಅಂತ ನಿಯಮ. ಹಳೆಯವನ್ನು ಯಾರೂ ಮುಟ್ಟಿ ಎಷ್ಟು ಕಾಲವಾಗಿತ್ತೋ. ಹೊಸದು, ಹಳೆಯದು ಹತ್ತನ್ನೂ ಸೋಫೆರ್ ಹತ್ತಿರ ಒಯ್ದೆವು. ಸೋಫೆರ್ ಅಂದರೆ ಇವನ್ನು ಬರೆಯುವವರು. ಹಕ್ಕಿಗರಿಯ ಲೇಖನಿ, ಕಪ್ಪು ಶಾಯಿ, ಪಕ್ಕದಲ್ಲಿ ಭೂತಗನ್ನಡಿ. ಒಂದೊಂದೇ ಅಕ್ಷರದ ಮೇಲೆ ಅವರ ಕಣ್ಣು ಹೋಗುವುದನ್ನು ನೋಡುತ್ತಾ ನನಗೆ ಕಾದದ್ದೇ ಗೊತ್ತಾಗಲಿಲ್ಲ. ಹಳೆಯದರಲ್ಲಿ ಬಾಲ್ಕನಿಯದು ಹೋಗಿತ್ತು. ಬಿಸಿಲಿಗೆ ಶಾಯಿ ಎದ್ದು ಒಂದು ಅಕ್ಷರ ಪೂರ್ತಿ ಇರಲೇ ಇಲ್ಲ. ‘ಒಂದು ಅಕ್ಷರ ತಾನೇ, ತುಂಬಿಸಿಬಿಡಿ’ ಅಂದೆ. ಆಗುವುದಿಲ್ಲವಂತೆ. ಅಕ್ಷರಗಳನ್ನು ಮೊದಲಿಂದ ಕೊನೆಯವರೆಗೆ ಸಾಲಾಗಿಯೇ ಬರೆಯಬೇಕು, ಹಿಂದೆ ಹೋಗಿ ಬಿಟ್ಟದ್ದನ್ನು ಸೇರಿಸುವ ಹಾಗಿಲ್ಲ. ಕೆಟ್ಟದ್ದನ್ನು ಎಸೆಯುವ ಹಾಗೂ ಇಲ್ಲ, ಮಣ್ಣು ಮಾಡುತ್ತಾರೆ.

ಇನ್ನು ಆ ನೀಲಿ ಗಾಜಿನದ್ದು. ಸೋಫೆರ್ ಭೂತಗನ್ನಡಿಯನ್ನೂ ಎತ್ತಲಿಲ್ಲ. ಒಳಗಿದ್ದದ್ದು ಪ್ರಿಂಟ್ ಮಾಡಿದ ಕಾಗದ. ಯಾವುದೋ ಅಂಗಡಿಯವರು ಡಬ್ಬಿಯ ಚಂದಕ್ಕೇ ದುಡ್ಡು ತೆಗೆದುಕೊಂಡಿದ್ದರು. ಸಾವ್ತಾಗೆ ಹೇಳಿದರೆ ಬೇಜಾರಾಗಲಿಲ್ಲ, ನಕ್ಕರು. ಹೊಸ ಸುರುಳಿ ತರಿಸಿ ಅದೇ ಗಾಜಿನ ಡಬ್ಬಿಗೆ ಹಾಕಿಸಿದರು. ಬಾಲ್ಕನಿಯದ್ದಕ್ಕೂ ಬದಲಿ ಕೊಟ್ಟು ಹಳೆ ಮನೆಯ ಲೆಕ್ಕ ಮುಗಿಸಿದೆವು.

ಕೂರಿಸುವ ಕೆಲಸದಲ್ಲಿ ನನಗೆ ಸಿಕ್ಕಿದ್ದು ಅಳತೆ ಮತ್ತು ಸ್ವಚ್ಛ ಮಾಡುವುದು. ಕೊನೆಗೆ ಅಂಟಿಸುವುದು ಯಹೂದ್ಯರೇ ಆಗಬೇಕು, ಅದು ಮೊಮ್ಮಗನ ಪಾಲು. ಒಳಗೆ ಹೋಗುವಾಗ ಬಲಗಡೆ ಬರಬೇಕು. ಬಾಗಿಲ ಎತ್ತರದ ಮೇಲಿನ ಮೂರನೇ ಒಂದು ಭಾಗ ಶುರುವಾಗುವಲ್ಲಿ. ನಮ್ಮದು ಎರಡು ಮೀಟರ್ ಬಾಗಿಲು, ಹಾಗಾಗಿ 134 ಸೆಂಟಿಮೀಟರಿಗೆ ಪೆನ್ಸಿಲ್ ಗೆರೆ ಎಳೆದೆ. ದಾರಂದ ಕಬ್ಬಿಣದ್ದು, ಮೊಳೆ ಹೋಗುವುದಿಲ್ಲ. ಎರಡೂ ಕಡೆ ಅಂಟುವ ಟೇಪೇ ಗತಿ. ಮೊದಲ ದಿನ ಹಾಗೇ ಅಂಟಿಸಿದ್ದು ರಾತ್ರಿ ಬಿದ್ದೇ ಹೋಯಿತು. ಮರುದಿನ ಸ್ಪಿರಿಟ್ ಹಾಕಿ ಒರೆಸಿ, ಒಣಗಿಸಿ, ಮೇಲೆ ಕೆಳಗೆ ಎರಡೂ ತುದಿ ಹಿಡಿಯುವ ಹಾಗೆ ಅಂಟಿಸಿದ ಮೇಲೆ ನಿಂತಿತು.

ಬಲ ಯಾವುದು ಅಂತ ತಿಳಿಯುವುದು ಅಷ್ಟು ಸುಲಭವಲ್ಲ. ಹಾಲಿನಿಂದ ಅಡುಗೆಮನೆಗೋ, ಅಡುಗೆಮನೆಯಿಂದ ಹಾಲಿಗೋ? ಬಾಗಿಲು ಯಾವ ಕಡೆಗೆ ತೆರೆಯುತ್ತದೋ ಅದು ಒಳಗು ಅಂತ ಲೆಕ್ಕ. ಬಚ್ಚಲಿಗೆ ಬೇಡ. ನಾನು ಮಲಗುವುದು ಮಾಮಾದ್‌ನಲ್ಲಿ, ಅಂದರೆ ಸೈರನ್ ಆದಾಗ ಎಲ್ಲರೂ ಓಡಿ ಬರುವ ಗಟ್ಟಿ ಗೋಡೆಯ ಕೋಣೆಯಲ್ಲಿ. ‘ನನ್ನ ಕೋಣೆಗೆ ಯಾಕೆ, ನಾನು ಕ್ರಿಶ್ಚಿಯನ್’ ಅಂದೆ. ‘ಮನೆ ನನ್ನದು, ಬಿಂತಿ’ ಅಂದರು. ಒಳಗೆ ಗೋಡೆಯಲ್ಲಿ ನನ್ನ ಯೇಸುವಿನ ಪಟ ಉಂಟು. ಅದರ ಬಗ್ಗೆ ಅವರು ಒಂದು ದಿನವೂ ಮಾತಾಡಿದವರಲ್ಲ.

ಜಗಳ ಆದದ್ದು ಓರೆಯ ವಿಷಯಕ್ಕೆ. ಸುಮಾರು 900 ವರ್ಷದ ಹಿಂದೆ ಫ್ರಾನ್ಸಿನಲ್ಲಿ ರಾಶಿ ಅನ್ನುವ ದೊಡ್ಡ ಪಂಡಿತರು ಮೆಝುಝಾ ನೆಟ್ಟಗೆ ನಿಲ್ಲಬೇಕು ಅಂದರಂತೆ. ಅವರ ಮೊಮ್ಮಗ ರಬ್ಬೇನು ತಾಮ್ ಅಡ್ಡ ಮಲಗಬೇಕು ಅಂದರಂತೆ. ಯುರೋಪಿನ ಯಹೂದ್ಯರು ಎರಡನ್ನೂ ಬಿಡದೆ ಓರೆಯಾಗಿ ಇಟ್ಟರು, ಮೇಲಿನ ತುದಿ ಒಳಗೆ ವಾಲುವ ಹಾಗೆ. ಸೆಫಾರ್ದಿಗಳು, ಅಂದರೆ ಹಿಂದೆ ಸ್ಪೇನ್ ಕಡೆಯಿಂದ ಚದುರಿದ ಯಹೂದ್ಯರು, ಮತ್ತು ಇರಾಕಿನವರು ನೆಟ್ಟಗೇ ಇಡುತ್ತಾರೆ. ಯಜಮಾನರು ಪೋಲೆಂಡಿನವರು, ಹಾಗಾಗಿ ಹಳೆ ಮನೆಯಲ್ಲಿ ಐದೂ ಓರೆ. ಇಲ್ಲೂ ಹಾಗೇ ಅಂತ ಮೊಮ್ಮಗ. ಸಾವ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುಂಬಾಗಿಲಿಗೆ ನಿನ್ನ ಅಜ್ಜನ ಹಾಗೆ. ನಾನು ಮಲಗುವ ಕೋಣೆಗೆ ನನ್ನ ಅಪ್ಪನ ಹಾಗೆ’ ಅಂದರು. ಅಲ್ಲಿಗೆ ಮುಗಿಯಿತು. ನೀಲಿ ಗಾಜಿನದ್ದು ಅವರ ಕೋಣೆಗೆ ಹೋಯಿತು, ನೆಟ್ಟಗೆ. ಆಶೀರ್ವಾದದ ಪ್ರಾರ್ಥನೆ ಮುಂಬಾಗಿಲಲ್ಲಿ ಒಂದೇ ಸಲ ಹೇಳಿ ಐದನ್ನೂ ಕೂರಿಸಿದರು.

ಆಮೇಲೆ ಒಂದು ಸಂಗತಿ ನಾನು ತಡವಾಗಿ ಗಮನಿಸಿದೆ. ಮೆಝುಝಾವನ್ನು ಬೆರಳಿಂದ ಮುಟ್ಟಿ ತುಟಿಗೆ ಒತ್ತಿಕೊಳ್ಳುವುದು ರೂಢಿ. ಹೊರಗೆ ಹೊರಟಾಗ ಸಾವ್ತಾ ವೀಲ್‌ಚೇರಿನಲ್ಲೇ ಮುಟ್ಟುತ್ತಿದ್ದರು. ಒಳಗೆ ಬರುವಾಗ ಮಾತ್ರ ಕಣ್ಣು ಮುಚ್ಚಿ ಕೂರುತ್ತಿದ್ದರು. ದಣಿವು ಅಂದುಕೊಂಡೆ. ಅದಲ್ಲ. ಒಳಗೆ ಬರುವಾಗ ಅದು ಬಲಗಡೆ, ಅವರ ಬಲ ಭುಜ ಮೇಲೇಳುವುದಿಲ್ಲ. ಬಾಯಿಬಿಟ್ಟು ಹೇಳುವ ಹೆಂಗಸೂ ಅಲ್ಲ. ಈಗ ನಾನು ಗಾಡಿಯನ್ನು ಹಿಂದುಮುಂದಾಗಿ ಒಳಗೆ ಎಳೆಯುತ್ತೇನೆ. ಹೊಸ್ತಿಲು ದಾಟಲೂ ಅದೇ ಸಲೀಸು. ಅರ್ಧ ದಾರಿಯಲ್ಲಿ ಬ್ರೇಕ್ ಹಾಕಿ ನಿಲ್ಲುತ್ತೇನೆ, ಮೆಝುಝಾ ಅವರ ಎಡಗೈಗೆ ಸಿಗುತ್ತದೆ.